ತಂಗಿಗೆ 17, ಈಗ ಐದನೇ ತಿಂಗಳು. ಊಟ ಸೇರುತ್ತಿಲ್ಲ, ಏನು ಮಾಡಲಿ?

ದೊಡ್ಡಕ್ಕ

ನಮಸ್ಕಾರ ಎಲ್ಲರಿಗೂ. ನನ್ನ ತಂಗಿಗೆ 17 ವರ್ಷ. ಈಗ ಐದನೇ ತಿಂಗಳು ನಡೆಯುತ್ತಿದೆ. ಹೇಗಾಯಿತು, ಯಾಕಾಯಿತು ಅಂತ ದಯವಿಟ್ಟು ಯಾರೂ ಕೇಳಬೇಡಿ, ಆ ಮಾತು ಮನೆಯಲ್ಲಿ ಬೇಕಾದಷ್ಟು ಆಗಿ ಹೋಗಿದೆ. ಡಾಕ್ಟರಿಗೆ ತೋರಿಸುತ್ತಿದ್ದೇವೆ. ನನ್ನ ಚಿಂತೆಯೆಲ್ಲ ಅವಳ ಊಟದ್ದು.

ನಾಲ್ಕು ತಿಂಗಳು ತುಂಬುವವರೆಗೆ ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೊಟ್ಟೆ ಕಾಣಬಾರದು ಅಂತ ಊಟವನ್ನೇ ಕಡಿಮೆ ಮಾಡಿದ್ದಳಂತೆ. ಈಗ ಎಲ್ಲರಿಗೂ ಗೊತ್ತಾದ ಮೇಲೂ ಅದೇ ರೂಢಿ. ಬೆಳಿಗ್ಗೆ ಏನೂ ಇಲ್ಲ. ಮಧ್ಯಾಹ್ನ ನಾಲ್ಕು ತುತ್ತು. ಸಂಜೆ ಚಿಪ್ಸ್, ಜೊತೆಗೆ ಕೋಲಾ. ಹೆಚ್‌ಬಿ (ರಕ್ತದಲ್ಲಿನ ಹಿಮೋಗ್ಲೋಬಿನ್) 9.2 ಬಂದಿದೆ. ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರೆ. ಕೇಳಿದಾಗೆಲ್ಲ ನುಂಗಿದೆ ಅನ್ನುತ್ತಾಳೆ, ಆದರೆ ಮೊನ್ನೆ ದಿಂಬಿನ ಕವರ್ ಬದಲಿಸುವಾಗ ಒಳಗಿಂದ ಮಾತ್ರೆಯ ಶೀಟ್ ಬಿತ್ತು, ಒಂದೂ ಒಡೆದಿರಲಿಲ್ಲ.

ಅಮ್ಮ ಎರಡು ಜೀವ ಅಂತ ತಟ್ಟೆ ತುಂಬಾ ಬಡಿಸುತ್ತಾರೆ. ಇವಳು ತಟ್ಟೆ ನೋಡಿಯೇ ಎದ್ದು ಹೋಗುತ್ತಾಳೆ. ಆಮೇಲೆ ಜಗಳ. ದೊಡ್ಡವರ ಬಸಿರಿಗೂ ಈ ವಯಸ್ಸಿನ ಬಸಿರಿಗೂ ಊಟದಲ್ಲಿ ನಿಜವಾಗಿ ವ್ಯತ್ಯಾಸ ಇದೆಯಾ? ಯಾವುದನ್ನು ಬಿಡಲೇಬಾರದು, ಯಾವುದನ್ನು ಹೋಗಲಿ ಅಂತ ಬಿಡಬಹುದು? ಗೊತ್ತಿರುವವರು ಹೇಳಿ.

ಹೆರಿಗೆ ವಾರ್ಡ್ ನರ್ಸ್

ದೊಡ್ಡಕ್ಕ ಅವರೇ, ವ್ಯತ್ಯಾಸ ಇದೆ. ಹೊಟ್ಟೆಯೊಳಗಿನ ಮಗು ಬೆಳೆಯುತ್ತಿದೆ, ನಿಮ್ಮ ತಂಗಿಯೂ ಇನ್ನೂ ಬೆಳೆಯುತ್ತಿದ್ದಾಳೆ. ಹುಡುಗಿಯರು ಎತ್ತರವಾಗುವುದು ನಿಂತ ಮೇಲೂ ಎಲುಬು ಗಟ್ಟಿಯಾಗುವ ಕೆಲಸ ನಡೆಯುತ್ತಲೇ ಇರುತ್ತದೆ, ಸೊಂಟದ ಎಲುಬು ಅಗಲವಾಗುವುದಂತೂ ನಿಧಾನ. ಮೊದಲ ಮುಟ್ಟು ಬಂದು ಎರಡು ವರ್ಷ ಆಗುವುದರೊಳಗೆ ಬಸಿರಾದ ಹುಡುಗಿಯರಲ್ಲಿ ಈ ಎಳೆದಾಟ ತುಂಬಾ ಜಾಸ್ತಿ. 17ಕ್ಕೆ ಅಷ್ಟಿಲ್ಲ, ಆದರೂ ಇದೆ. ತಟ್ಟೆಯಲ್ಲಿ ಕಡಿಮೆ ಬಿದ್ದರೆ ಇಬ್ಬರಿಗೂ ಕಡಿಮೆ ಆಗುತ್ತದೆ.

ಈಗ ರಕ್ತದ ವಿಷಯ. ಬಸುರಿಯರಿಗೆ ಹೆಚ್‌ಬಿ 11ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅನ್ನುತ್ತೇವೆ. 7ರಿಂದ 9.9 ಅಂದರೆ ಮಧ್ಯಮ ಮಟ್ಟದ್ದು. ನಿಮ್ಮ ತಂಗಿ ಅದರಲ್ಲಿದ್ದಾಳೆ. ಗಾಬರಿ ಬೇಡ, ಆದರೆ ಸುಮ್ನೆ ಬಿಡುವಂಥದ್ದೂ ಅಲ್ಲ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ, ಇಡೀ ಬಸಿರಿಗೆ ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಹದಿಹರೆಯದ ಹುಡುಗಿಯರಿಗೆ ಮೈ ಬೆಳೆಯುವುದಕ್ಕೇ ಕಬ್ಬಿಣ ಖರ್ಚಾಗಿರುತ್ತದೆ, ತಿಂಗಳು ತಿಂಗಳು ಮುಟ್ಟಿನಲ್ಲೂ ಹೋಗಿರುತ್ತದೆ. ಅಂದರೆ ಉಳಿತಾಯವೇ ಇಲ್ಲದೆ ಬಸಿರು ಶುರುವಾಗಿರುತ್ತದೆ. 9.2 ಇರುವಾಗ ಬರೀ ಸೊಪ್ಪು, ಹಣ್ಣು ತಿಂದು ಇದನ್ನು ಸರಿಮಾಡಲು ಆಗುವುದಿಲ್ಲ. ಮಾತ್ರೆ ಬೇಕೇಬೇಕು.

ಅವಳು ಮಾತ್ರೆ ಯಾಕೆ ನುಂಗುತ್ತಿಲ್ಲ ಅಂತ ಕೇಳಿದ್ದೀರಾ? ಗದರದೆ ಕೇಳಿ. ನಮ್ಮ ವಾರ್ಡಿಗೆ ಬರುವ ಹುಡುಗಿಯರು ಹೇಳುವುದು ಇಷ್ಟೇ: ಹೊಟ್ಟೆ ತೊಳಸುತ್ತದೆ, ಮಲ ಗಟ್ಟಿಯಾಗುತ್ತದೆ, ಕಪ್ಪಗೆ ಹೋಗುವುದು ನೋಡಿ ಹೆದರಿಕೆಯಾಯಿತು. ಕಪ್ಪಗೆ ಹೋಗುವುದು ಮಾತ್ರೆಯಿಂದಲೇ, ಅದರಿಂದ ಏನೂ ತೊಂದರೆ ಇಲ್ಲ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಅರ್ಧದಷ್ಟು ಹುಡುಗಿಯರು ಮಾತ್ರೆ ಬಿಡುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ತೊಳಸುತ್ತಿದ್ದರೆ ರಾತ್ರಿ ಮಲಗುವ ಮುಂಚೆ ಸ್ವಲ್ಪ ಏನಾದರೂ ತಿಂದು ನುಂಗಲಿ. ಖಾಲಿ ಹೊಟ್ಟೆಯಲ್ಲಿ ಮೈಗೆ ಚೆನ್ನಾಗಿ ಹತ್ತುತ್ತದೆ ನಿಜ, ಆದರೆ ವಾಂತಿಯಾಗಿ ಹೋಗುವುದಕ್ಕಿಂತ ತಿಂದು ನುಂಗಿ ಒಳಗೆ ಉಳಿಯುವುದು ಮೇಲು. ನಿಂಬೆ ಅಥವಾ ಕಿತ್ತಳೆ ರಸದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವು ಯಾವುವೂ ಅದರ ಹತ್ತಿರ ಬೇಡ, ಒಂದೆರಡು ಗಂಟೆಯಾದರೂ ಅಂತರ ಇರಲಿ. ಏನು ಮಾಡಿದರೂ ಹಿಡಿಸದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ನಮೂನೆಯ ಮಾತ್ರೆ ಇವೆ, ಇಂಜೆಕ್ಷನ್ ಆಗಿ ರಕ್ತನಾಳಕ್ಕೆ ಕೊಡುವ ಕಬ್ಬಿಣವೂ ಇದೆ.

ಸರಿಯಾಗಿ ನುಂಗಿದರೆ ಮೂರು ನಾಲ್ಕು ವಾರದಲ್ಲಿ ಹೆಚ್‌ಬಿ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಜಂತುಹುಳು, ಬಿ12 ಕೊರತೆ, ಹುಟ್ಟಿನಿಂದ ಬಂದ ರಕ್ತದ ತೊಂದರೆ, ಇವೆಲ್ಲ ಇರಬಹುದು. ಆದ್ದರಿಂದ ಮಾತ್ರೆ ನುಂಗಿಲ್ಲ ಅನ್ನುವ ನಿಜವನ್ನು ಡಾಕ್ಟರಿಗೆ ಹೇಳಲೇಬೇಕು. ಇಲ್ಲದಿದ್ದರೆ ಅವರು ಇಲ್ಲದ ಕಾಯಿಲೆ ಹುಡುಕುತ್ತಾ ಕೂರುತ್ತಾರೆ.

ಹದಿನಾರರ ಅಮ್ಮ

ನಾನು 16ಕ್ಕೆ ತಾಯಿಯಾದವಳು. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅಕ್ಕ, ನಿಮ್ಮ ತಂಗಿ ತಟ್ಟೆ ಬಿಟ್ಟು ಎದ್ದು ಹೋಗುವುದು ಊಟ ಬೇಡ ಅಂತ ಅಲ್ಲ ಅಂತ ನನಗೆ ಅನಿಸುತ್ತಿದೆ.

ನನಗೂ ಆಗ ಹಸಿವಾಗುತ್ತಿತ್ತು. ತುಂಬಾ ಹಸಿವು. ಆದರೆ ಊಟಕ್ಕೆ ಕೂತರೆ ಎಲ್ಲರ ಕಣ್ಣು ನನ್ನ ಮೇಲೆ. ಯಾರೋ ನಿಟ್ಟುಸಿರು ಬಿಡುತ್ತಿದ್ದರು, ಯಾರೋ ಇಷ್ಟಾದರೂ ತಿನ್ನು ಅನ್ನುತ್ತಿದ್ದರು, ಯಾರೋ ಹೊಟ್ಟೆಯನ್ನೇ ನೋಡುತ್ತಿದ್ದರು. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ದೀಪ ಹಾಕದೆ, ಪಾತ್ರೆ ಸದ್ದಾಗದ ಹಾಗೆ ಮುಚ್ಚಳ ಎತ್ತಿ, ನಿಂತುಕೊಂಡೇ ತಣ್ಣಗಿನ ಅನ್ನ ತಿನ್ನುತ್ತಿದ್ದೆ. ತಿಂದದ್ದು ಸಾಕಾಗುತ್ತಿರಲಿಲ್ಲ, ಆದರೆ ಆ ಹೊತ್ತಿನಲ್ಲಿ ಯಾರೂ ನೋಡುತ್ತಿರಲಿಲ್ಲ.

ನನ್ನ ಚಿಕ್ಕಮ್ಮ ಒಂದು ಡಬ್ಬಿ ತಂದು ನನ್ನ ಹಾಸಿಗೆ ಪಕ್ಕ ಇಟ್ಟರು. ಹುರಿದ ಕಡಲೆಬೀಜ, ಖರ್ಜೂರ, ಬಿಸ್ಕೆಟ್, ಒಂದು ಬಾಳೆಹಣ್ಣು. ತಿನ್ನು ಅಂತ ಹೇಳಲಿಲ್ಲ. ಖಾಲಿಯಾದರೆ ಮತ್ತೆ ತುಂಬಿಸುತ್ತಿದ್ದರು, ಎಷ್ಟು ತಿಂದೆ ಅಂತ ಕೇಳುತ್ತಿರಲಿಲ್ಲ. ನಾನು ಸರಿಯಾಗಿ ತಿನ್ನಲು ಶುರು ಮಾಡಿದ್ದು ಅಲ್ಲಿಂದ. ಬೆಳಿಗ್ಗೆ ಏಳುವ ಮುಂಚೆ ಹಾಸಿಗೆಯಲ್ಲೇ ಒಂದು ಬಿಸ್ಕೆಟ್ ತಿಂದರೆ ವಾಂತಿ ಕೂಡ ಕಡಿಮೆಯಾಗುತ್ತಿತ್ತು.

ಅಮ್ಮನಿಗೆ ಹೇಳಿ, ತಟ್ಟೆ ತುಂಬಾ ಬಡಿಸುವುದು ಬೇಡ. ಸ್ವಲ್ಪ ಸ್ವಲ್ಪ, ಐದಾರು ಸಲ. ನೀವೂ ಅವಳ ಜೊತೆ ಕೂತು ಅದನ್ನೇ ತಿನ್ನಿ, ಬೇರೆ ಏನಾದರೂ ಮಾತಾಡಿ.

ತಟ್ಟೆ ತುಂಬ ಬಣ್ಣ

ನಾನು ಆಹಾರ ತಜ್ಞೆ. ಬಸುರಿಯರಿಗೆ ಊಟದ ಸಲಹೆ ಕೊಡುವುದೇ ನನ್ನ ದಿನದ ಕೆಲಸ. ಹದಿನಾರರ ಅಮ್ಮ ಹೇಳಿದ್ದನ್ನು ಮೊದಲು ಮಾಡಿ, ನನ್ನ ಲೆಕ್ಕ ಎಲ್ಲ ಆಮೇಲೆ. ಹುಡುಗಿ ತಿನ್ನದೇ ಇದ್ದರೆ ಲೆಕ್ಕ ಇಟ್ಟುಕೊಂಡು ಏನು ಮಾಡುವುದು.

ಎರಡು ಜೀವ ಅಂತ ಎರಡರಷ್ಟು ಊಟ ಬೇಕಾಗಿಲ್ಲ. ಮೊದಲ ಮೂರು ತಿಂಗಳು ಹೆಚ್ಚಿಗೆ ಕ್ಯಾಲರಿ ಬೇಕೇ ಆಗುವುದಿಲ್ಲ. ನಾಲ್ಕರಿಂದ ಆರನೇ ತಿಂಗಳಲ್ಲಿ ದಿನಕ್ಕೆ ಸುಮಾರು 340 ಕ್ಯಾಲರಿ, ಕೊನೆಯ ಮೂರು ತಿಂಗಳಲ್ಲಿ ಸುಮಾರು 450 ಜಾಸ್ತಿ ಬೇಕು. 340 ಅಂದರೆ ಒಂದು ದೊಡ್ಡ ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಮೊಟ್ಟೆ. ಇಷ್ಟೇ. ಆದರೆ ಇದು ಸರಿಯಾಗಿ ಊಟ ಮಾಡುತ್ತಿದ್ದವರಿಗೆ. ನಿಮ್ಮ ತಂಗಿ ನಾಲ್ಕು ತಿಂಗಳು ಅರೆಹೊಟ್ಟೆಯಲ್ಲಿದ್ದಳು, ಹಾಗಾಗಿ ಮೊದಲು ಅವಳ ಮಾಮೂಲಿ ಊಟ ವಾಪಸ್ ಬರಬೇಕು, ಅದರ ಮೇಲೆ ಇದು.

ವಯಸ್ಸಿನ ವ್ಯತ್ಯಾಸ ಎದ್ದು ಕಾಣುವುದು ಕ್ಯಾಲ್ಸಿಯಂನಲ್ಲಿ. 19 ದಾಟಿದ ಬಸುರಿಗೆ ದಿನಕ್ಕೆ 1,000 ಮಿಲಿಗ್ರಾಂ ಅನ್ನುವ ಅಮೆರಿಕದ ಲೆಕ್ಕವೇ 14ರಿಂದ 18ರ ಬಸುರಿಗೆ 1,300 ಅನ್ನುತ್ತದೆ. ಮಗುವಿನ ಎಲುಬಿಗೆ ಒಟ್ಟು ಸುಮಾರು 30 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ, ಅದರಲ್ಲಿ ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಅದೇ ಹೊತ್ತಿಗೆ ಹುಡುಗಿಯ ಎಲುಬಿಗೂ ಅದು ಬೇಕು. 250 ಮಿಲಿ ಹಾಲು ಅಥವಾ ಅಷ್ಟೇ ಮೊಸರಿನಲ್ಲಿ ಸುಮಾರು 300 ಮಿಲಿಗ್ರಾಂ ಸಿಗುತ್ತದೆ. ಮೂರು ಸಲ ಆದರೆ 900. ಉಳಿದದ್ದು ಸೊಪ್ಪು, ಎಳ್ಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು, ಚೀಸ್, ಹೀಗೆ. ಹಾಲು ಕಂಡರಾಗದಿದ್ದರೆ ಮೊಸರು, ಅದೂ ಆಗದಿದ್ದರೆ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಬಸುರಿಯರಿಗೆ ದಿನಕ್ಕೆ 1.5ರಿಂದ 2 ಗ್ರಾಂ ಕ್ಯಾಲ್ಸಿಯಂ ಮಾತ್ರೆ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಬಿಪಿ ಏರಿ ಬರುವ ಪ್ರೀ ಎಕ್ಲಾಂಪ್ಸಿಯಾ ಕಡಿಮೆ ಮಾಡುವುದಕ್ಕೆ ಅದು. ಚಿಕ್ಕ ವಯಸ್ಸಿನ ತಾಯಂದಿರಿಗೆ ಆ ತೊಂದರೆಯ ಭಯ ಇರುವುದರಿಂದ ಡಾಕ್ಟರ್ ಹತ್ತಿರ ಇದನ್ನು ಕೇಳಿಯೇ ಕೇಳಿ.

ಪ್ರೋಟೀನ್ ದಿನಕ್ಕೆ 70 ಗ್ರಾಂ ಆಸುಪಾಸು. ಕೇಳಿದರೆ ದೊಡ್ಡದು ಅನಿಸುತ್ತದೆ ಅಲ್ವಾ? ಎರಡು ಮೊಟ್ಟೆಯಲ್ಲಿ 12, ಮೂರು ಲೋಟ ಹಾಲು ಮೊಸರಿನಲ್ಲಿ 24, ಒಂದು ಬಟ್ಟಲು ಬೆಂದ ಬೇಳೆ ಅಥವಾ ಕಾಳಿನಲ್ಲಿ 15. ಇನ್ನುಳಿದ 20 ಅನ್ನ, ಬ್ರೆಡ್ಡು, ಕಡಲೆಬೀಜ ಇವುಗಳಿಂದಲೇ ಬಂದುಬಿಡುತ್ತದೆ. ಪ್ರೋಟೀನ್ ಪೌಡರ್ ಡಬ್ಬಿಗೆ ದುಡ್ಡು ಹಾಕಬೇಡಿ, ಆ ದುಡ್ಡಿಗೆ ಮೊಟ್ಟೆ ತನ್ನಿ. ಅಡುಗೆಗೆ ಅಯೋಡಿನ್ ಇರುವ ಉಪ್ಪು ಬಳಸಿ, ಮಗುವಿನ ಮೆದುಳಿಗೆ ಅದು ಬೇಕು.

ಮೂರು ಮಕ್ಕಳ ತಾಯಿ

ನಾನು ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹುಡುಗಿ ಚಿಕ್ಕವಳು. ಜಾಸ್ತಿ ತಿನ್ನಿಸಿದರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟವಾಗುವುದಿಲ್ಲವೇ? ಸ್ವಲ್ಪ ಹಿಡಿತದಲ್ಲಿ ತಿಂದರೆ ಒಳ್ಳೆಯದು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಮಗು ತನಗೆ ಬೇಕಾದ್ದನ್ನು ಹೇಗೂ ಎಳೆದುಕೊಳ್ಳುತ್ತದೆ ಅಂತಲೂ ಕೇಳಿದ್ದೇನೆ.

ಹೆರಿಗೆ ವಾರ್ಡ್ ನರ್ಸ್

ಅಮ್ಮ, ಬೇಜಾರು ಯಾಕೆ, ಈ ಮಾತನ್ನು ತುಂಬಾ ಜನ ನಂಬುತ್ತಾರೆ. ಆದರೆ ದಯವಿಟ್ಟು ಈ ಹುಡುಗಿಯ ವಿಷಯದಲ್ಲಿ ಹಾಗೆ ಮಾಡಬೇಡಿ. ಚಿಕ್ಕ ವಯಸ್ಸಿನ ತಾಯಂದಿರಲ್ಲಿ ನಾವು ಹೆದರುವುದು ಮಗು ದೊಡ್ಡದಾಗುತ್ತದೆ ಅಂತ ಅಲ್ಲ. 2,500 ಗ್ರಾಂ ಕೂಡ ತೂಗದೆ, 37 ವಾರ ತುಂಬುವ ಮುಂಚೆ ಹುಟ್ಟಿಬಿಡುತ್ತದಲ್ಲ, ಆ ಮಗುವಿನ ಬಗ್ಗೆ. ಅಂಥ ಮಗುವಿಗೆ ಮೈ ಬೆಚ್ಚಗಿಟ್ಟುಕೊಳ್ಳಲು ಕೊಬ್ಬು ಇರುವುದಿಲ್ಲ, ಹಾಲು ಎಳೆದು ಕುಡಿಯಲು ಶಕ್ತಿ ಇರುವುದಿಲ್ಲ, ಸೋಂಕು ಬೇಗ ತಗಲುತ್ತದೆ. ತಾಯಿ ಅರೆಹೊಟ್ಟೆಯಲ್ಲಿದ್ದರೆ ಹೆರಿಗೆ ಸಲೀಸಾಗುವುದಿಲ್ಲ. ಅವಳು ನಿತ್ರಾಣವಾಗಿ ಹೆರಿಗೆಗೆ ಬರುತ್ತಾಳೆ, ರಕ್ತ ಮೊದಲೇ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ಸ್ವಲ್ಪ ಜಾಸ್ತಿ ರಕ್ತ ಹೋದರೂ ಜೀವಕ್ಕೆ ಅಪಾಯ.

ಮಗು ತನಗೆ ಬೇಕಾದ್ದನ್ನು ಎಳೆದುಕೊಳ್ಳುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಸ್ವಲ್ಪ ಎಳೆದುಕೊಳ್ಳುತ್ತದೆ, ಎಳೆದುಕೊಂಡಷ್ಟು ತಾಯಿ ಸೊರಗುತ್ತಾಳೆ. 17ರ ಹುಡುಗಿ ಸೊರಗಿದರೆ ಪರವಾಗಿಲ್ಲ ಅಂತ ನಾವು ಯಾಕೆ ಅಂದುಕೊಳ್ಳಬೇಕು? ಅವಳ ಮುಂದೆ ಇಡೀ ಬದುಕು ಇದೆ. ನನಗೆ ಸಿಟ್ಟು ಬರುವುದೇ ಇಲ್ಲಿ. ಬಸುರಿ ಹುಡುಗಿಯ ಬಗ್ಗೆ ಮಾತಾಡುವಾಗ ಎಲ್ಲರೂ ಮಗುವಿಗೋಸ್ಕರ ತಿನ್ನು ಅನ್ನುತ್ತಾರೆ, ನಿನಗೋಸ್ಕರ ತಿನ್ನು ಅಂತ ಒಬ್ಬರೂ ಅನ್ನುವುದಿಲ್ಲ.

ಪ್ರಶ್ನೆ ಇದೆ

ಇದೇ ವಯಸ್ಸಿನ ನನ್ನ ಗೆಳತಿಗೂ ಮೂರನೇ ತಿಂಗಳು. ಅವಳು ಮೊಡವೆಗೆ ಒಂದು ಮಾತ್ರೆ ತಿನ್ನುತ್ತಿದ್ದಳು. ಮತ್ತೆ ಎನರ್ಜಿ ಡ್ರಿಂಕ್ ದಿನಾ ಕುಡಿಯುತ್ತಾಳೆ, ಓದುವುದಕ್ಕೆ ನಿದ್ದೆ ಬರಬಾರದು ಅಂತ. ಇದರಿಂದ ಏನಾದರೂ ಆಗುತ್ತದಾ? ಮತ್ತೆ ಅವಳು ಮಾಂಸ, ಮೊಟ್ಟೆ, ಹಾಲು ಏನೂ ಮುಟ್ಟುವುದಿಲ್ಲ.

ತಟ್ಟೆ ತುಂಬ ಬಣ್ಣ

ಮೊದಲು ಮೊಡವೆ ಮಾತ್ರೆ. ಅದರ ಹೆಸರು ಐಸೊಟ್ರೆಟಿನಾಯಿನ್ ಆಗಿದ್ದರೆ ಇವತ್ತೇ ನಿಲ್ಲಿಸಿ, ಇವತ್ತೇ ಡಾಕ್ಟರಿಗೆ ತೋರಿಸಲಿ. ನಾಳೆ ಅನ್ನಬೇಡಿ. ಮಗುವಿನ ಮುಖ, ಮೆದುಳು, ಹೃದಯ ರೂಪುಗೊಳ್ಳುವಾಗ ಅದು ದೊಡ್ಡ ತೊಂದರೆ ಮಾಡಬಲ್ಲದು. ಅದು ವಿಟಮಿನ್ ಎ ಜಾತಿಗೆ ಸೇರಿದ ಔಷಧಿ. ಇದೇ ಕಾರಣಕ್ಕೆ ವಿಟಮಿನ್ ಎ ಜಾಸ್ತಿ ಇರುವ ಮಾತ್ರೆಗಳನ್ನೂ ಪ್ರಾಣಿಗಳ ಲಿವರ್ ಅನ್ನೂ ಬಸಿರಿನಲ್ಲಿ ಬೇಡ ಅನ್ನುತ್ತೇವೆ. ಕ್ಯಾರೆಟ್, ಸೊಪ್ಪು, ಮಾವಿನ ಹಣ್ಣಿನಿಂದ ಬರುವ ವಿಟಮಿನ್ ಎ ಬೇರೆ ಥರದ್ದು, ಅದನ್ನು ಧಾರಾಳವಾಗಿ ತಿನ್ನಬಹುದು.

ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ಒಳಗಿರಲಿ. 250 ಮಿಲಿಯ ಒಂದು ಎನರ್ಜಿ ಡ್ರಿಂಕ್ ಕ್ಯಾನಿನಲ್ಲಿ ಸಾಮಾನ್ಯವಾಗಿ 80 ಇರುತ್ತದೆ, ದೊಡ್ಡ ಕ್ಯಾನಾದರೆ ಅದರ ದುಪ್ಪಟ್ಟು. ಮೇಲೆ ಕಾಫಿ, ಕೋಲಾ ಸೇರಿದರೆ ಮಿತಿ ದಾಟುವುದು ಗೊತ್ತೇ ಆಗುವುದಿಲ್ಲ. ಎನರ್ಜಿ ಡ್ರಿಂಕಿನಲ್ಲಿ ಕೆಫೀನ್ ಜೊತೆ ಬೇರೆ ಪದಾರ್ಥಗಳೂ ಸಕ್ಕರೆಯೂ ಇರುವುದರಿಂದ ಅದನ್ನು ಪೂರ್ತಿ ಬಿಟ್ಟುಬಿಡಲಿ ಅಂತಲೇ ಹೇಳುತ್ತೇನೆ. ಸಿಗರೇಟ್, ಮದ್ಯಕ್ಕೆ ಸ್ವಲ್ಪ ಅನ್ನುವ ಲೆಕ್ಕವೇ ಇಲ್ಲ, ಎರಡೂ ಬೇಡ.

ಹಾಲು, ಮೊಟ್ಟೆ, ಮಾಂಸ ಮೂರೂ ಇಲ್ಲದಿದ್ದರೆ ವಿಟಮಿನ್ ಬಿ12 ಊಟದಿಂದ ಸಿಗುವುದಿಲ್ಲ. ಬಿ12 ಸೇರಿಸಿದ ಆಹಾರ ಅಥವಾ ಮಾತ್ರೆ ಬೇಕೇ ಬೇಕು. ತಾಯಿಯಲ್ಲಿ ಅದು ಕಡಿಮೆಯಿದ್ದರೆ ಮಗುವಿನ ನರಗಳಿಗೆ ಪೆಟ್ಟು. ಬೇಳೆ, ಕಾಳು, ಸೋಯಾ, ಬೀಜಗಳನ್ನು ದಿನಾ ತಿಂದರೆ ಪ್ರೋಟೀನ್ ಹೊಂದಿಸಬಹುದು, ಅದಕ್ಕೆ ಹೆದರಬೇಕಾಗಿಲ್ಲ.

ದೊಡ್ಡಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಸಿಗೆ ಪಕ್ಕ ಡಬ್ಬಿ ಇಟ್ಟಿದ್ದೇನೆ. ಅರ್ಧ ಖಾಲಿಯಾಗಿತ್ತು! ಮಾತ್ರೆ ಬಗ್ಗೆ ಕೇಳಿದೆ, ನರ್ಸ್ ಮೇಡಂ ಹೇಳಿದ ಹಾಗೇ ಮಲ ಕಪ್ಪಗೆ ಹೋಗಿದ್ದಕ್ಕೆ ಒಳಗೆ ರಕ್ತ ಬರುತ್ತಿದೆ ಅಂತ ಹೆದರಿದ್ದಳಂತೆ. ಅದನ್ನು ಹೇಳಲು ನಾಚಿಕೆಯಂತೆ. ಆಮೇಲೆ ಬಂದ ಶೀಟನ್ನು ಮುಟ್ಟಲೇ ಇಲ್ಲವಂತೆ. ಈಗ ರಾತ್ರಿ ನುಂಗುತ್ತಿದ್ದಾಳೆ.

ಇನ್ನೊಂದು ವಿಷಯ. ಫ್ರಿಜ್ಜಿನ ಐಸ್ ತುಂಡುಗಳನ್ನು ಕಟಕಟ ಅಂತ ಅಗಿಯುತ್ತಾಳೆ, ಟ್ರೇ ಖಾಲಿ ಮಾಡುತ್ತಾಳೆ. ಹಸಿ ಅಕ್ಕಿಯನ್ನೂ ತಿನ್ನುವುದು ನೋಡಿದೆ. ಬಸುರಿ ಬಯಕೆ ಅಂತ ಅಮ್ಮ ಸುಮ್ಮನಿದ್ದಾರೆ. ಇದು ಸರಿಯಾ? ಮತ್ತೆ ಫೋಲಿಕ್ ಆಸಿಡ್ ಮಾತ್ರೆ ಮೊದಲ ತಿಂಗಳಲ್ಲೇ ತೆಗೆದುಕೊಳ್ಳಬೇಕಿತ್ತು ಅಂತ ಎಲ್ಲೋ ಓದಿದಳು, ಅಂದಿನಿಂದ ಅಳುತ್ತಿದ್ದಾಳೆ.

ಹೆರಿಗೆ ವಾರ್ಡ್ ನರ್ಸ್

ಐಸ್, ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಇಂಥ ಬಯಕೆ ಬಂದರೆ ಕಬ್ಬಿಣ ಕಡಿಮೆಯಾಗಿದೆ ಅಂತಲೇ ನಾವು ಮೊದಲು ಅನುಮಾನ ಪಡುತ್ತೇವೆ. ಐಸಿನಿಂದ ಹಲ್ಲಿಗೆ ತೊಂದರೆ, ಬೇರೇನಿಲ್ಲ. ಮಣ್ಣು, ಸೀಮೆಸುಣ್ಣ ಮಾತ್ರ ಬೇಡವೇ ಬೇಡ, ಹುಳ, ಸೀಸ ಎಲ್ಲ ಒಳಗೆ ಹೋಗಬಹುದು. ಹಸಿ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ಊಟ ಸೇರುವುದಿಲ್ಲ. ಬೈಯಬೇಡಿ. ಕಬ್ಬಿಣ ಮೈಗೆ ಹತ್ತುತ್ತಿದ್ದ ಹಾಗೆ ಐಸಿನ ಚಟ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಡಾಕ್ಟರಿಗೆ ಇದನ್ನೂ ಹೇಳಿ.

ಫೋಲಿಕ್ ಆಸಿಡ್ ವಿಷಯ ಅವಳಿಗೇ ಓದಿ ಹೇಳಿ. ಅದು ಮೊದಲೇ ಬೇಕು ಅನ್ನುವುದು ಮಗುವಿನ ಬೆನ್ನುಹುರಿಯ ನಾಳ ಸರಿಯಾಗಿ ಮುಚ್ಚಿಕೊಳ್ಳಲಿ ಅಂತ. ಆ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ ಸುಮಾರು 28 ದಿನದೊಳಗೆ. ಅಷ್ಟರೊಳಗೆ ಬಸುರಿ ಅಂತ ಎಷ್ಟೋ ದೊಡ್ಡ ಹೆಂಗಸರಿಗೇ ಗೊತ್ತಾಗಿರುವುದಿಲ್ಲ. ಫೋಲಿಕ್ ಆಸಿಡ್ ತೆಗೆದುಕೊಳ್ಳದ ಬಹುಪಾಲು ತಾಯಂದಿರ ಮಕ್ಕಳೂ ಸರಿಯಾಗಿಯೇ ಹುಟ್ಟುತ್ತಾರೆ. 18ರಿಂದ 22ನೇ ವಾರದ ಸ್ಕ್ಯಾನಿನಲ್ಲಿ ಬೆನ್ನುಹುರಿಯನ್ನು ನೋಡಿಯೇ ನೋಡುತ್ತಾರೆ, ಅವಳಿಗೆ ಈಗ ಅದರ ಹೊತ್ತೇ. ಈಗಲೂ ರಕ್ತಕ್ಕೆ ಫೋಲಿಕ್ ಆಸಿಡ್ ಬೇಕು, ಕಬ್ಬಿಣದ ಮಾತ್ರೆಯಲ್ಲೇ ಸಾಮಾನ್ಯವಾಗಿ ಸೇರಿರುತ್ತದೆ.

ಒಂದು ಎಚ್ಚರಿಕೆ. ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಇದ್ದಕ್ಕಿದ್ದಂತೆ ಊದುವುದು, ಪಕ್ಕೆಲುಬಿನ ಕೆಳಗೆ ಜೋರು ನೋವು, ರಕ್ತ ಹೋಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ನೀರು ಕುಡಿದರೂ ವಾಂತಿಯಾಗಿ ಏನೂ ನಿಲ್ಲದಿರುವುದು, ಕೂತಲ್ಲೇ ಏದುಸಿರು. ಇದರಲ್ಲಿ ಒಂದಾದರೂ ಕಂಡರೆ ಊಟ, ಮಾತ್ರೆ ಅಂತ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇದನ್ನು ಓದುತ್ತಿರುವ ಬೇರೆ ಹುಡುಗಿಯರಿಗೂ ಹೇಳುತ್ತೇನೆ. ಮನೆಯಲ್ಲಿ ಊಟ ಕೊಡದಿದ್ದರೆ, ಹೊಡೆಯುತ್ತಿದ್ದರೆ, ಈ ಬಸಿರು ನಿಮಗೆ ಇಷ್ಟವಿಲ್ಲದೆ ಯಾರೋ ಬಲವಂತ ಮಾಡಿ ಆಗಿದ್ದರೆ, ನರ್ಸ್ ಅಥವಾ ಡಾಕ್ಟರ್ ಹತ್ತಿರ ಐದು ನಿಮಿಷ ಒಬ್ಬಳೇ ಮಾತಾಡಬೇಕು ಅಂತ ಕೇಳಿ. ಹಾಗೆ ಕೇಳುವುದು ತಪ್ಪಲ್ಲ.

ತಂಗಿ

ನಾನೇ ಆ ತಂಗಿ. ಅಕ್ಕ ಫೋನ್ ಕೊಟ್ಟಳು. ಎಲ್ಲ ಓದಿದೆ. ನಿನಗೋಸ್ಕರ ತಿನ್ನು ಅಂತ ಬರೆದಿದ್ದೀರಲ್ಲ ಮೇಡಂ, ಥ್ಯಾಂಕ್ಸ್.

ನನ್ನ ಭಯ ಹೇಳಲಾ? ಎಷ್ಟು ತೂಕ ಏರುತ್ತದೆ? ಆಮೇಲೂ ಹಾಗೇ ದಪ್ಪ ಉಳಿದುಬಿಡುತ್ತೇನಾ? ಗೆಳತಿಯರ ಜೊತೆ ಬರ್ಗರ್, ಪಿಜ್ಜಾ ತಿನ್ನುವುದನ್ನು ಪೂರ್ತಿ ಬಿಡಬೇಕಾ? ಬೆಳಿಗ್ಗೆ ನಿಜವಾಗಿ ಏನೂ ಸೇರುವುದಿಲ್ಲ, ನಾಟಕ ಅಲ್ಲ.

ತಟ್ಟೆ ತುಂಬ ಬಣ್ಣ

ಪುಟ್ಟಿ, ಒಳ್ಳೆಯ ಪ್ರಶ್ನೆಗಳು. ಬಸಿರಿಗೆ ಮುಂಚೆ ತೂಕ ಸರಿಯಾಗಿದ್ದವರು ಒಟ್ಟು 11.5ರಿಂದ 16 ಕೆಜಿ ಏರಿದರೆ ಸರಿ. ಮೊದಲೇ ತೆಳ್ಳಗಿದ್ದವರು, ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 18.5ಕ್ಕಿಂತ ಕಡಿಮೆ ಇದ್ದವರು, 12.5ರಿಂದ 18 ಕೆಜಿ ಏರಬೇಕು. ತೂಕ ಜಾಸ್ತಿ ಇದ್ದವರಿಗೆ 7ರಿಂದ 11.5 ಸಾಕು. ಈ ಕೆಜಿಗಳೆಲ್ಲ ನಿನ್ನ ಕೊಬ್ಬಲ್ಲ. ಮಗುವೇ 3 ಕೆಜಿ ಚಿಲ್ಲರೆ. ಮಾಸು, ಸುತ್ತಲಿನ ನೀರು, ದೊಡ್ಡದಾದ ಗರ್ಭಕೋಶ, ಹೆಚ್ಚಿದ ರಕ್ತ, ಮೈಯಲ್ಲಿ ನಿಂತ ನೀರು ಎಲ್ಲ ಸೇರಿದರೆ ಇನ್ನೊಂದು ಐದಾರು ಕೆಜಿ. ಇವು ಹೆರಿಗೆಯಾದ ಮೇಲೆ ಕೆಲವು ವಾರದಲ್ಲಿ ಹೋಗುತ್ತವೆ. ಉಳಿಯುವ ಮೂರು ನಾಲ್ಕು ಕೆಜಿ ಕೊಬ್ಬು ಹಾಲು ತಯಾರಾಗಲು ಮೈ ಎತ್ತಿಟ್ಟುಕೊಂಡದ್ದು. ಬಸಿರಿನಲ್ಲಿ ಡಯೆಟ್ ಮಾತ್ರ ಮಾಡಬೇಡ. ಊಟ ಕಂಡರೆ ಮೊದಲಿನಿಂದಲೂ ಭಯ ಇದ್ದರೆ, ತಿಂದು ವಾಂತಿ ಮಾಡುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳು, ಅದಕ್ಕೂ ಚಿಕಿತ್ಸೆ ಇದೆ.

ಬರ್ಗರ್ ಪೂರ್ತಿ ಬಿಡಬೇಡ. ಗೆಳತಿಯರ ಜೊತೆ ಕೂತು ತಿನ್ನುವುದೂ ಈಗ ನಿನಗೆ ಬೇಕು. ಒಳಗಿನ ಮಾಂಸ, ಮೊಟ್ಟೆ ಚೆನ್ನಾಗಿ ಬೆಂದಿರಲಿ, ಕೋಲಾ ಬದಲು ಹಾಲು, ಹಣ್ಣಿನ ರಸ ಅಥವಾ ನೀರು ಇರಲಿ, ದಿನಾ ಬೇಡ. ಕಾಯಿಸದ ಹಸಿ ಹಾಲು ಮತ್ತು ಅದರಿಂದ ಮಾಡಿದ ಮೆತ್ತನೆಯ ಚೀಸ್, ಅರೆಬೆಂದ ಮಾಂಸ, ತೊಳೆಯದ ಹಸಿ ತರಕಾರಿ, ಶಾರ್ಕ್ ಥರದ ದೊಡ್ಡ ಮೀನು, ಇಷ್ಟನ್ನು ಹೆರಿಗೆವರೆಗೆ ದೂರ ಇಡು.

ಬೆಳಿಗ್ಗೆ ಸೇರದಿದ್ದರೆ ಒತ್ತಾಯ ಬೇಡ. ಎದ್ದಾಗ ಒಂದು ಬಿಸ್ಕೆಟ್, ಅರ್ಧ ಗಂಟೆ ಬಿಟ್ಟು ಅರ್ಧ ಲೋಟ ಹಾಲು ಅಥವಾ ಬಾಳೆಹಣ್ಣು, ಶಾಲೆಗೆ ಹೋಗುವುದಾದರೆ ಹತ್ತು ಗಂಟೆಗೆ ತಿನ್ನಲು ಬ್ಯಾಗಿನಲ್ಲಿ ಬೇಯಿಸಿದ ಮೊಟ್ಟೆ ಅಥವಾ ಕಡಲೆಬೀಜ. ತಿಂಡಿಯನ್ನು ತಿಂಡಿ ಹೊತ್ತಿಗೇ ತಿನ್ನಬೇಕು ಅಂತ ಏನಿಲ್ಲ. ಬಿಸಿ ಅಡುಗೆಯ ವಾಸನೆಗೆ ತೊಳಸಿದರೆ ತಣ್ಣಗಿನದ್ದು ತಿನ್ನು.

ತಂಗಿ

ಸರಿ ಮೇಡಂ. ಕೊನೆಯದು ಒಂದು. ಮಗು ಹುಟ್ಟಿದ ಮೇಲೆ ಮಾತ್ರೆ ನಿಲ್ಲಿಸಬಹುದಾ? ಹಾಲು ಕುಡಿಸಿದರೆ ನನ್ನ ಎಲುಬು ಸವೆಯುತ್ತದೆ ಅಂತ ಯಾರೋ ಹೇಳಿದರು.

ಹೆರಿಗೆ ವಾರ್ಡ್ ನರ್ಸ್

ತಕ್ಷಣ ನಿಲ್ಲಿಸಬೇಡ. ಹೆರಿಗೆಯಲ್ಲಿ ರಕ್ತ ಹೋಗಿರುತ್ತದೆ, ಖಾಲಿಯಾದ ಕಬ್ಬಿಣ ತುಂಬಿಕೊಳ್ಳಬೇಕು. ಆರರಿಂದ ಹನ್ನೆರಡು ವಾರ ಮುಂದುವರಿಸುವುದು ಸಾಮಾನ್ಯ, ಹೆಚ್‌ಬಿ ನೋಡಿ ಡಾಕ್ಟರ್ ಹೇಳುತ್ತಾರೆ. ಹಾಲು ಕುಡಿಸುವಾಗ ಎಲುಬಿನಿಂದ ಸ್ವಲ್ಪ ಕ್ಯಾಲ್ಸಿಯಂ ಹೋಗುವುದು ನಿಜ, ಆದರೆ ಹಾಲು ಬಿಡಿಸಿದ ಮೇಲೆ ಮೈ ಅದನ್ನು ಮತ್ತೆ ತುಂಬಿಸಿಕೊಳ್ಳುತ್ತದೆ. ನಿನ್ನ ವಯಸ್ಸಿಗೆ ಆಗಲೂ ದಿನಕ್ಕೆ ಅದೇ 1,300 ಮಿಲಿಗ್ರಾಂ ಲೆಕ್ಕ. ಹಸಿವು ಬಸಿರಿಗಿಂತ ಜಾಸ್ತಿ ಆಗುತ್ತದೆ, ಆದಾಗ ತಿನ್ನು. ಇನ್ನೊಂದು ಮಗುವಿನ ಯೋಚನೆ ಬೇಗ ಬೇಡ. ಹೆರಿಗೆಯಾಗಿ ಕನಿಷ್ಠ 24 ತಿಂಗಳಾದರೂ ಕಳೆಯಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ತಾಯಂದಿರಿಗೂ ಹೇಳುತ್ತದೆ, ನಿನಗಂತೂ ಇನ್ನೂ ಜಾಸ್ತಿ ಬಿಡುವು ಬೇಕು. ಗರ್ಭನಿರೋಧಕದ ಬಗ್ಗೆ ಹೆರಿಗೆಗೆ ಮುಂಚೆಯೇ ಕೇಳಿಕೋ, ಹಾಲು ಕುಡಿಸುವಾಗ ಬಳಸಬಹುದಾದವು ಬೇಕಾದಷ್ಟಿವೆ. ಮುಂದಿನ ಸಲ ಚೆಕಪ್‌ಗೆ ಹೋಗುವಾಗ ಮಾತ್ರೆಯ ಶೀಟ್ ಜೊತೆಗೇ ತೆಗೆದುಕೊಂಡು ಹೋಗು, ಎಷ್ಟು ಒಡೆದಿದೆ, ಎಷ್ಟು ಉಳಿದಿದೆ ಅಂತ ನೀನೇ ತೋರಿಸು.